ಫ್ಲೀಟ್‌ಸೈಡ್ ಇಳಿಸಿ ಸ್ಟೆಪ್‌ಸೈಡ್ ಕೂರಿಸಬಹುದೇ?

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗ. ನನ್ನ ಬಳಿ 1970ರ ಷೆವರ್ಲೆ ಸಿ10 ಪಿಕಪ್ ಇದೆ. ಅದರ ಬೆಡ್, ಅಂದರೆ ಹಿಂದೆ ಸಾಮಾನು ಹೇರುವ ಪೆಟ್ಟಿಗೆ, ಹೊರಮೈ ಸಪಾಟಾದ ಆರೂವರೆ ಅಡಿಯ ಫ್ಲೀಟ್‌ಸೈಡ್ ಮಾದರಿಯದು. ಎಂಜಿನ್ ಮತ್ತು ಕ್ಯಾಬಿನ್ ಗಟ್ಟಿಯಾಗಿವೆ, ಆದರೆ ಹಿಂದಿನ ಚಕ್ರಗಳ ಸುತ್ತಲಿನ ತಗಡು ತುಕ್ಕು ಹಿಡಿದು ತೂತಾಗಿದೆ. ಪಕ್ಕದ ಊರಿನಲ್ಲಿ ಅದೇ ಕಾಲದ, ಮಡ್‌ಗಾರ್ಡು ಹೊರಗೆ ಉಬ್ಬಿರುವ ಸ್ಟೆಪ್‌ಸೈಡ್ ಬೆಡ್ ಒಂದು ಮಾರಾಟಕ್ಕಿದೆ, ಆ ರೂಪ ನನಗೆ ಮೊದಲಿನಿಂದಲೂ ಇಷ್ಟ. ಅದನ್ನು ಕೂರಿಸಿದರೆ ಗಾಡಿಯ ಬೆಲೆ ಕುಸಿಯುತ್ತದೆಯೇ? ಈ ಕೆಲಸವನ್ನು ಮನೆಯ ಶೆಡ್ಡಿನಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ಎರಡೂ ಬೆಡ್‌ಗಳು ಒಂದೇ ಅಳತೆಯ ಚಾಸಿಗೆ ಸೇರಿದವಾಗಿದ್ದರೆ ಮಾಡಬಹುದು, ಮನೆಯಲ್ಲೇ ಮಾಡಬಹುದು. 1967ರಿಂದ 1972ರವರೆಗಿನ ಸಿ10 ಗಾಡಿಗಳು ಎರಡು ಅಳತೆಗಳಲ್ಲಿ ಬಂದವು. ಆರೂವರೆ ಅಡಿ ಬೆಡ್‌ನ ಗಾಡಿಯಲ್ಲಿ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 115 ಇಂಚು, ಎಂಟು ಅಡಿ ಬೆಡ್‌ನದರಲ್ಲಿ 127 ಇಂಚು. ಫ್ಲೀಟ್‌ಸೈಡ್ ಮತ್ತು ಸ್ಟೆಪ್‌ಸೈಡ್ ಎರಡೂ ಈ ಎರಡೂ ಅಳತೆಗಳಲ್ಲಿ ಇದ್ದವು. ಆದ್ದರಿಂದ ಮಾರುವವರು ‘ಶಾರ್ಟ್ ಬೆಡ್’ (ಗಿಡ್ಡ, ಅಂದರೆ ಆರೂವರೆ ಅಡಿಯದು) ಎಂದು ಹೇಳಿದ್ದನ್ನು ನಂಬಿ ಮುಂಗಡ ಕೊಡಬೇಡಿ, ಟೇಪು ಹಿಡಿದು ನೀವೇ ಅಳೆಯಿರಿ. 1967ಕ್ಕಿಂತ ಹಿಂದಿನ ಅಥವಾ 1972ರ ನಂತರದ ಬೆಡ್ ಆಗಿದ್ದರೆ ಅದು ನೋಡಲು ಎಷ್ಟೇ ಹೋಲುತ್ತಿರಲಿ, ಬೇರೆ ಚಾಸಿಯದು, ಅದನ್ನು ಬಿಟ್ಟುಬಿಡಿ.

ಈ ಎರಡು ರೂಪಗಳು ಹೇಗೆ ಬಂದವೆಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಕೆಲಸ ಸುಲಭವಾಗುತ್ತದೆ. ಪಿಕಪ್‌ಗಳ ಹಳೆಯ ರೂಪವೇ ಸ್ಟೆಪ್‌ಸೈಡ್: ನೇರ ಗೋಡೆಗಳ ಕಿರಿದಾದ ಪೆಟ್ಟಿಗೆ, ಅದರ ಹೊರಗೆ ಚಕ್ರಗಳ ಮೇಲೆ ಉಬ್ಬಿದ ಮಡ್‌ಗಾರ್ಡು, ಮಡ್‌ಗಾರ್ಡಿಗೂ ಕ್ಯಾಬಿನ್ನಿಗೂ ನಡುವೆ ಕಾಲಿಟ್ಟು ಹತ್ತಲು ಒಂದು ಮೆಟ್ಟಿಲು. ಕ್ಯಾಬಿನ್ನಿನಷ್ಟೇ ಅಗಲವಾದ, ಹೊರಮೈ ಸಪಾಟಾದ ಬೆಡ್‌ನ ಹುಚ್ಚು ಹತ್ತಿದ್ದು 1950ರ ದಶಕದಲ್ಲಿ. ಷೆವರ್ಲೆ 1955ರಲ್ಲಿ ಕ್ಯಾಮಿಯೊ ಕ್ಯಾರಿಯರ್ ಎಂಬ ಗಾಡಿಯನ್ನು ತಂದಾಗ ಹಳೆಯ ಉಕ್ಕಿನ ಪೆಟ್ಟಿಗೆಗೇ ಫೈಬರ್‌ಗ್ಲಾಸ್ ಹೊದಿಕೆ ತೊಡಿಸಿ ಆ ನೋಟ ತಂದಿತ್ತು. ಫೋರ್ಡ್ 1957ರಲ್ಲಿ ಸ್ಟೈಲ್‌ಸೈಡ್ ಹೆಸರಿನಲ್ಲಿ ಅದನ್ನು ಉಕ್ಕಿನಲ್ಲೇ ಮಾಡಿತು, ಷೆವರ್ಲೆಯ ಫ್ಲೀಟ್‌ಸೈಡ್ ಬಂದದ್ದು 1958ರಲ್ಲಿ. ಅಂದರೆ ನಿಮ್ಮ ಗಾಡಿ ತಯಾರಾಗುವ ಹೊತ್ತಿಗೆ ಸ್ಟೆಪ್‌ಸೈಡ್ ಹಳಬರ ಆಯ್ಕೆಯಾಗಿತ್ತು. ನೀವು ಮಾಡಹೊರಟಿರುವುದು ಕಾರ್ಖಾನೆಯೇ ಅದೇ ವರ್ಷ, ಅದೇ ಚಾಸಿಯ ಮೇಲೆ ಮಾಡುತ್ತಿದ್ದ ಜೋಡಣೆಯನ್ನು. ಇದರಲ್ಲಿ ಅಪಚಾರವೇನೂ ಇಲ್ಲ.

ಬೆಲೆಯ ಮಾತಿಗೆ ಬರೋಣ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಗಿಡ್ಡ ಫ್ಲೀಟ್‌ಸೈಡ್‌ಗೆ ಹೆಚ್ಚು ಬೇಡಿಕೆಯಿದೆ, ಗಿಡ್ಡ ಸ್ಟೆಪ್‌ಸೈಡ್ ಅದಕ್ಕಿಂತ ಸ್ವಲ್ಪ ಕೆಳಗೆ, ಎಂಟು ಅಡಿಯ ಗಾಡಿಗಳು ಇನ್ನೂ ಕೆಳಗೆ. ಹಾಗಾಗಿ ಲಾಭದ ದೃಷ್ಟಿಯಿಂದ ಇದು ಜಾಣತನದ ವಿನಿಮಯವಲ್ಲ ಎಂಬುದನ್ನು ನೇರವಾಗಿಯೇ ಹೇಳಬೇಕು. ಕಾರ್ಖಾನೆ ಕೊಟ್ಟ ಗಾಡಿಯ ಗುರುತು ಸಂಖ್ಯೆಯಿಂದ (ವಿಐಎನ್) ಬೆಡ್‌ನ ರೂಪ ತಿಳಿಯುವುದಿಲ್ಲ, ಏಕೆಂದರೆ ಗಾಡಿಯ ಬಗೆಯ ವಿಷಯದಲ್ಲಿ ಅದು ಅರ್ಧ ಟನ್ನಿನ ಪಿಕಪ್ ಎಂಬುದನ್ನಷ್ಟೇ ಹೇಳುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಗೂಡಿನ ಮುಚ್ಚಳದ ಒಳಮೈಯಲ್ಲಿ ಕಾರ್ಖಾನೆಯ ಕಾಗದದ ಚೀಟಿ ಉಳಿದಿದ್ದರೆ ಅದರಲ್ಲಿ ಮಾದರಿಯ ಸಂಕೇತ ಇರುತ್ತದೆ: 10734 ಎಂದಿದ್ದರೆ ಗಿಡ್ಡ ಫ್ಲೀಟ್‌ಸೈಡ್, 10704 ಎಂದಿದ್ದರೆ ಗಿಡ್ಡ ಸ್ಟೆಪ್‌ಸೈಡ್. ಉದ್ದನೆಯವಕ್ಕೆ ಇದೇ ಕ್ರಮದಲ್ಲಿ 10934 ಮತ್ತು 10904. ಮುಂದೊಂದು ದಿನ ಕೊಳ್ಳಲು ಬಂದವರು ಆ ಗೂಡನ್ನು ತೆರೆದು ನೋಡಿಯೇ ನೋಡುತ್ತಾರೆ. ಬದಲಾಯಿಸಿದ್ದನ್ನು ಮುಚ್ಚಿಡದೆ ಹೇಳಿ, ಹಳೆಯ ಬೆಡ್ ಅನ್ನೂ ಗುಜರಿಗೆ ಹಾಕದೆ ಶೆಡ್ಡಿನ ಮೂಲೆಯಲ್ಲಿ ಒಣಗಿದ ಜಾಗದಲ್ಲಿ ಇಡಿ. ಚಕ್ರದ ಸುತ್ತ ತುಕ್ಕು ಹಿಡಿದಿದೆ ಎಂದಿದ್ದೀರಿ. ಫ್ಲೀಟ್‌ಸೈಡ್‌ನಲ್ಲಿ ಒಳ ಮತ್ತು ಹೊರ ತಗಡುಗಳ ನಡುವೆ ಕೆಸರು ಕೂತು ನೀರು ಹಿಡಿದಿಡುವುದರಿಂದ ಅದು ಬಹುತೇಕ ಗಾಡಿಗಳ ಪಾಡು, ಮತ್ತು ಆ ಭಾಗಕ್ಕೆ ಹೊಸ ತಗಡಿನ ತುಂಡುಗಳು ಅಮೆರಿಕದಲ್ಲಿ ಈಗಲೂ ಸಿಗುತ್ತವೆ.

ಹೊಸದಾಗಿ ತರುವ ಬೆಡ್‌ನಲ್ಲಿ ಮಡ್‌ಗಾರ್ಡಿನ ಹೊಳಪು ನೋಡಿ ಮರುಳಾಗಬೇಡಿ, ಬಗ್ಗಿ ಅಡಿಭಾಗ ನೋಡಿ. ಹಲಗೆಗಳನ್ನು ಹೊರುವ ಅಡ್ಡಪಟ್ಟಿಗಳು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿ ಸದ್ದು ಕೊಡಬೇಕು. ಮೆಟ್ಟಿಲುಗಳು, ಅವುಗಳ ಬ್ರಾಕೆಟ್ಟುಗಳು, ಟೇಲ್‌ಗೇಟಿನ ಸರಪಳಿಗಳು, ದೀಪದ ಬ್ರಾಕೆಟ್ಟುಗಳು, ಹಿಂದಿನ ಬಂಪರ್ ಮತ್ತು ಅದರ ತೋಳುಗಳು ಜೊತೆಯಲ್ಲೇ ಬರುತ್ತವೆಯೇ ಎಂದು ಕೇಳಿ. ಫ್ಲೀಟ್‌ಸೈಡ್‌ನ ಬಂಪರ್ ಸ್ಟೆಪ್‌ಸೈಡ್‌ಗೆ ಒಪ್ಪುವುದಿಲ್ಲ, ಈ ಬಿಡಿಭಾಗಗಳನ್ನು ಒಂದೊಂದಾಗಿ ಕೊಳ್ಳುತ್ತಾ ಹೋದರೆ ಅಗ್ಗಕ್ಕೆ ಸಿಕ್ಕ ಬೆಡ್ ದುಬಾರಿಯಾಗುತ್ತದೆ. ಮಾರಿದವರಿಂದ ಸಹಿ ಮಾಡಿದ ರಸೀದಿಯನ್ನೂ ಪಡೆಯಿರಿ, ಏಕೆಂದರೆ ಬೆಡ್‌ಗೆ ಅದರದೇ ಆದ ಹಕ್ಕುಪತ್ರ ಇರುವುದಿಲ್ಲ.

ನಿಮ್ಮ ಗಾಡಿಯ ಒಂದು ಅನುಕೂಲವೆಂದರೆ ಪೆಟ್ರೋಲ್ ಟ್ಯಾಂಕು. 1972ರವರೆಗಿನ ಈ ಗಾಡಿಗಳಲ್ಲಿ ಟ್ಯಾಂಕು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನಿಗೇ ಇರುತ್ತದೆ ಮತ್ತು ಪೆಟ್ರೋಲ್ ತುಂಬುವ ಬಾಯಿ ಕ್ಯಾಬಿನ್ನಿನ ಪಕ್ಕದಲ್ಲೇ ಇರುವುದರಿಂದ ಬೆಡ್ ಬದಲಾಯಿಸಿದರೆ ಅದನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಸೀಟಿನ ಹಿಂದೆ ಪೆಟ್ರೋಲ್ ಇಟ್ಟುಕೊಂಡು ಓಡಿಸುವುದಕ್ಕೆ ಹೆದರಿ ಹಿಂದಿನ ಮಾಲೀಕರು ಟ್ಯಾಂಕನ್ನು ಬೆಡ್‌ನ ಅಡಿಗೆ ಸಾಗಿಸಿದ್ದರೆ ಮಾತ್ರ ಕೊಳವೆಯ ದಾರಿಯನ್ನು ಮೊದಲೇ ಯೋಚಿಸಬೇಕಾಗುತ್ತದೆ.

ಇನ್ನು ಬಿಚ್ಚುವ ಕೆಲಸ. ಬೋಲ್ಟುಗಳಿಗೆ ಒಂದೆರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಬ್ಯಾಟರಿಯ ತಂತಿ ಕಳಚಿ, ಹಿಂದಿನ ದೀಪಗಳ ವೈರಿನ ಜೋಡಣೆಯನ್ನು ಬಿಡಿಸಿ. ಟೇಲ್‌ಗೇಟನ್ನು ಮೊದಲೇ ತೆಗೆದರೆ ಭಾರ ಇಳಿಯುತ್ತದೆ. ಖಾಲಿ ಬೆಡ್ ಅನ್ನು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಬಹುದು, ಇಲ್ಲವೇ ಎಂಜಿನ್ ಎತ್ತುವ ಹಾಯಿಸ್ಟ್ ಬಳಸಬಹುದು. ಹಲಗೆ ಹಾಸಿನ ಬೆಡ್‌ನಲ್ಲಿ ಬಳಸುವ ಗುಂಡು ತಲೆಯ ಬೋಲ್ಟಿಗೆ ತಲೆಯ ಕೆಳಗೆ ಚೌಕಾಕಾರದ ಕತ್ತಿರುತ್ತದೆ. ಅದು ಸುತ್ತದಂತೆ ಹಿಡಿದಿಡುವುದು ಹಲಗೆ ಮತ್ತು ಅದರ ಮೇಲಿನ ಉಕ್ಕಿನ ಪಟ್ಟಿಯ ಚೌಕ ತೂತು. ಹಲಗೆ ಕೊಳೆತು ಪಟ್ಟಿಯೂ ಸವೆದಿದ್ದರೆ ಕೆಳಗಿನ ನಟ್ಟನ್ನು ಎಷ್ಟು ತಿರುಗಿಸಿದರೂ ಬೋಲ್ಟು ಜೊತೆಯಲ್ಲೇ ಗಿರಗಿರ ತಿರುಗುತ್ತದೆ. ಆಗ ಸ್ಪ್ಯಾನರಿನೊಂದಿಗೆ ಜಗಳವಾಡದೆ ಗ್ರೈಂಡರಿನಿಂದ ನಟ್ಟನ್ನೇ ಕತ್ತರಿಸಿ ಹಾಕಿ.

ಬೆಡ್ ಇಳಿದ ದಿನವೇ ಹೊಸದನ್ನು ಏರಿಸುವ ಆತುರ ಬೇಡ. ಚಾಸಿಯ ಹಿಂಭಾಗ ಹೀಗೆ ಬಯಲಾಗುವುದು ಅಪರೂಪ. ತುಕ್ಕು ಕೆರೆದು ಬಣ್ಣ ಬಳಿಯಲು, ಬ್ರೇಕಿನ ಉಕ್ಕಿನ ಕೊಳವೆಗಳನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಇದೇ ಹೊತ್ತಿನಲ್ಲಿ ಕ್ಯಾಬಿನ್ನಿನ ಅಡಿಯ ರಬ್ಬರು ಬುಷ್‌ಗಳನ್ನೂ ನೋಡಿ. ಹಿಂದಿನ ಬುಷ್‌ಗಳು ಕುಸಿದಿದ್ದರೆ ಕ್ಯಾಬಿನ್ ಹಿಂದಕ್ಕೆ ವಾಲಿರುತ್ತದೆ, ಆಗ ಕ್ಯಾಬಿನ್ನಿಗೂ ಬೆಡ್‌ಗೂ ನಡುವಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ. ಬೆಡ್ ಅನ್ನು ಎಷ್ಟು ಎಳೆದಾಡಿದರೂ ಆ ಓರೆ ಹೋಗುವುದಿಲ್ಲ. ಕ್ಯಾಬಿನ್ ನೆಟ್ಟಗೆ ನಿಂತ ಮೇಲೆ ಅದಕ್ಕೆ ಹೊಂದುವಂತೆ ಬೆಡ್ ಕೂರಿಸುವುದೇ ಸರಿಯಾದ ಕ್ರಮ.

ಹಲಗೆಗಳ ವಿಷಯದಲ್ಲಿ ಓಕ್ ಅಥವಾ ಪೈನ್, ಯಾವುದಾದರೂ ನಡೆಯುತ್ತದೆ. ಗಾಡಿಯಲ್ಲಿ ನಿಜವಾಗಿ ಸಾಮಾನು ಹೇರುವವರು ಕನ್ನಡಿಯಂತೆ ಹೊಳೆಯುವ ವಾರ್ನಿಷಿಗೆ ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಾಗದ ಸಂಗತಿ. ಏನೇ ಬಳಿದರೂ ಆರೂ ಮುಖಗಳಿಗೆ, ಅದರಲ್ಲೂ ಕತ್ತರಿಸಿದ ತುದಿಗಳಿಗೆ ಬಳಿಯಿರಿ, ಏಕೆಂದರೆ ಮರ ನೀರು ಕುಡಿಯುವುದೇ ತುದಿಯಿಂದ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಆದ್ದರಿಂದ ಹಲಗೆಗಳನ್ನು ಒಂದಕ್ಕೊಂದು ಒತ್ತಿ ಕೂರಿಸದೆ ಸಣ್ಣ ಸಂದು ಬಿಡಿ. ಮೇಲಿನ ಉಕ್ಕಿನ ಪಟ್ಟಿ ಆ ಸಂದನ್ನು ಮುಚ್ಚುತ್ತದೆ.

ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿಯೇ ಹಾಕಿ. ಪೆಟ್ಟಿಗೆಯ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದು ಅವು ಸಮ ಬರುವವರೆಗೆ ಸರಿಸಿ, ನಂತರ ಟೇಲ್‌ಗೇಟ್ ತೂಗುಹಾಕಿ ಮುಚ್ಚಿ ನೋಡಿ. ಸರಪಳಿಯ ಕೊಕ್ಕೆ ಬಲ ಹಾಕದೆ ತನ್ನ ಜಾಗಕ್ಕೆ ಬೀಳಬೇಕು. ಮೊಣಕಾಲಿನಿಂದ ಒತ್ತಬೇಕಾಯಿತೆಂದರೆ ಪೆಟ್ಟಿಗೆ ಇನ್ನೂ ಓರೆಯಾಗಿದೆ ಎಂದೇ ಅರ್ಥ. ಅದಾದ ಮೇಲೆ ನಡುವಿನಿಂದ ಹೊರಕ್ಕೆ ಬಿಗಿಯುತ್ತಾ ಬನ್ನಿ. ಚಾಸಿಯ ತೂತಿಗೂ ಬೆಡ್‌ನ ತೂತಿಗೂ ಹೊಂದಿಕೆಯಾಗದ ಕಡೆ ತಕ್ಷಣ ಡ್ರಿಲ್ ಹಿಡಿಯಬೇಡಿ: ಮೊದಲು ನಡುವಣ ಪ್ಯಾಡ್‌ಗಳ ದಪ್ಪ, ಬೆಡ್‌ನ ಹಿಂದು ಮುಂದು ಸರಿಯಾಗಿದೆಯೇ ನೋಡಿ. ಕೊರೆಯಲೇಬೇಕಾದರೂ ಚಾಸಿಯ ಮೇಲ್ಪಟ್ಟಿ, ಕೆಳಪಟ್ಟಿಗಳ ಅಂಚಿನಲ್ಲಿ ಕೊರೆಯಬಾರದು, ಭಾರ ಬಿದ್ದಾಗ ಬಿರುಕು ಹುಟ್ಟುವುದು ಅಲ್ಲಿಂದಲೇ.

ದೀಪಗಳ ಬಗ್ಗೆ ಒಂದು ಎಚ್ಚರಿಕೆ. ಫ್ಲೀಟ್‌ಸೈಡ್‌ನ ದೀಪ ತಗಡಿನೊಳಗೆ ಹುದುಗಿರುತ್ತದೆ, ಸ್ಟೆಪ್‌ಸೈಡ್‌ನದು ಬ್ರಾಕೆಟ್ ಮೇಲೆ ಹೊರಗೆ ನಿಂತಿರುತ್ತದೆ, ಆದ್ದರಿಂದ ವೈರಿನ ದಾರಿಯೂ ಬೇರೆ. ದೀಪದ ಅರ್ತಿಂಗ್ ಬ್ರಾಕೆಟ್ ಮೂಲಕ ಪೆಟ್ಟಿಗೆಗೆ, ಅಲ್ಲಿಂದ ಚಾಸಿಗೆ ಹೋಗಬೇಕು. ಹೊಸ ಬಣ್ಣ, ರಬ್ಬರು ಮತ್ತು ಮರ ಸೇರಿ ಆ ದಾರಿಯನ್ನು ಮುಚ್ಚಿಬಿಡುತ್ತವೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗುವ ವಿಚಿತ್ರಗಳೆಲ್ಲ ಬಹುಪಾಲು ಇದರಿಂದಲೇ. ಎರಡೂ ದೀಪಗಳಿಂದ ಪ್ರತ್ಯೇಕ ಅರ್ತ್ ವೈರನ್ನು ಚಾಸಿಯ ಬರಿ ಲೋಹಕ್ಕೆ ಎಳೆದುಬಿಡಿ. ಈ ಗಾಡಿಗಳಿಗೆ ಪಕ್ಕದ ಗುರುತು ದೀಪಗಳು ಬಂದದ್ದು 1968ರಿಂದ. ನೀವು ತರುವ ಬೆಡ್ 1967ರದಾಗಿದ್ದರೆ ಅದರಲ್ಲಿ ಇವು ಇರುವುದಿಲ್ಲ, ನಿಮ್ಮ 1970ರ ಗಾಡಿಗೆ ಅವನ್ನು ಸೇರಿಸಿಕೊಳ್ಳಬೇಕು.

ಪ್ರಶ್ನೆ: ನಮ್ಮದು 1971ರ ಸಿ10, ಎಂಟು ಅಡಿಯ ಫ್ಲೀಟ್‌ಸೈಡ್. ಚಾಸಿಯನ್ನು ಕತ್ತರಿಸಿ ಗಿಡ್ಡ ಸ್ಟೆಪ್‌ಸೈಡ್ ಹಾಕಿಸಬಹುದೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಅದು ಬೆಡ್ ಬದಲಾಯಿಸುವ ಕೆಲಸವಲ್ಲ, ಗಾಡಿಯ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ. ಹಿಂದಿನ ಆಕ್ಸಲ್‌ನ ಮುಂದೆ 12 ಇಂಚು, ಹಿಂದೆ ಸುಮಾರು 8 ಇಂಚು ತೆಗೆಯಬೇಕು, ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕು, ಬ್ರೇಕಿನ ಕೊಳವೆ, ಕೈಬ್ರೇಕಿನ ತಂತಿ, ವೈರಿಂಗ್ ಎಲ್ಲವನ್ನೂ ಮರುಹೊಂದಿಸಬೇಕು. ಇದನ್ನೇ ಕಸುಬಾಗಿಸಿಕೊಂಡು ಚೆನ್ನಾಗಿ ಮಾಡುವವರು ಅಮೆರಿಕದಲ್ಲಿ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಮೆಕ್ಯಾನಿಕ್ ಈ ಹಿಂದೆ ಮಾಡಿದ ಗಾಡಿಯೊಂದರ ಅಡಿಗೆ ಮಲಗಿ ವೆಲ್ಡಿಂಗ್ ನೋಡುವವರೆಗೆ ಒಪ್ಪಬೇಡಿ. ಆ ಖರ್ಚನ್ನು ಉದ್ದನೆಯ ಗಾಡಿ ಮಾರಿದ ಹಣಕ್ಕೆ ಸೇರಿಸಿದರೆ ಹುಟ್ಟಿನಿಂದಲೇ ಗಿಡ್ಡವಾದ ಗಾಡಿ ಸಿಕ್ಕೀತೇ ಎಂದು ಮೊದಲು ಲೆಕ್ಕ ಹಾಕಿ. ರೂಪವಷ್ಟೇ ಮುಖ್ಯ, ಉದ್ದದ ಬಗ್ಗೆ ತಕರಾರಿಲ್ಲ ಎನ್ನುವುದಾದರೆ ಇನ್ನೊಂದು ದಾರಿಯಿದೆ: ಇದೇ ಪೀಳಿಗೆಯ ಎಂಟು ಅಡಿಯ ಸ್ಟೆಪ್‌ಸೈಡ್ ಬೆಡ್ ಹುಡುಕಿ. ಅದರ ಬೇಡಿಕೆ ಕಡಿಮೆ, ಬೆಲೆಯೂ ಹಗುರ, ನಿಮ್ಮ 127 ಇಂಚಿನ ಚಾಸಿಯನ್ನು ಕತ್ತರಿಸದೆಯೇ ಅದರ ಮೇಲೆ ಕೂರುತ್ತದೆ.