ಚಿತ್ರ ನೋಡೋದನ್ನೂ ಕಲಿಸಬೇಕಾ?

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ಪಾಠವನ್ನು ಚೆನ್ನಾಗಿ ಓದುತ್ತಾನೆ, ಆದರೆ ನಕ್ಷೆ, ಗ್ರಾಫ್ ಬಂದರೆ ಪುಟ ತಿರುಗಿಸಿಬಿಡುತ್ತಾನೆ. ‘ಚಿತ್ರ ಓದೋದನ್ನೂ ಕಲಿಸಿ’ ಅಂತ ಅವನ ಟೀಚರ್ ಹೇಳಿದರು. ದಿನವಿಡೀ ಮೊಬೈಲಿನಲ್ಲಿ ಚಿತ್ರ ನೋಡುವ ಮಕ್ಕಳಿಗೆ ಅದನ್ನು ಬೇರೆ ಕಲಿಸಬೇಕಾ ಸರ್? ನಮ್ಮದು ಅಡಿಕೆ ತೋಟ, ನಾನು ಓದಿದ್ದು ಏಳನೇ ಕ್ಲಾಸು. ನನ್ನ ಕೈಲಿ ಆಗುತ್ತಾ?
– ಒಬ್ಬ ತಾಯಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಕಲಿಸಲೇಬೇಕಮ್ಮಾ. ನಿಮ್ಮ ಕೈಲಿ ಖಂಡಿತ ಆಗುತ್ತದೆ.

ತೋಟಕ್ಕೆ ಹೊಡೆಯುವ ಔಷಧಿ ಡಬ್ಬಿಯಿಂದಲೇ ಶುರು ಮಾಡಿ. ಮುಟ್ಟಿಸಬೇಡಿ, ದೂರದಿಂದ ತೋರಿಸಿ. ಲೇಬಲ್ ಮೇಲೆ ಮೂಲೆಯ ಮೇಲೆ ನಿಂತ ಚೌಕದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿದರೆ ವಿಷ ಎಷ್ಟು ಜೋರು ಅಂತ ತಿಳಿಯುತ್ತದೆ. ಕೆಂಪು ಎಲ್ಲಕ್ಕಿಂತ ಜೋರು. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಬಿಸ್ಕತ್ ಪೊಟ್ಟಣದ ಹಸಿರು ಚುಕ್ಕೆ ನೋಡಿ ರೂಢಿಯಾದವರು ಇಲ್ಲೂ ಹಸಿರು ಕಂಡರೆ ‘ಏನೂ ಆಗಲ್ಲ’ ಅಂದುಕೊಳ್ಳುತ್ತಾರೆ. ಪೊಟ್ಟಣದ ಮೇಲಿನ ಹಸಿರಿಗೆ ಸಸ್ಯಾಹಾರ ಅಂತ ಅರ್ಥ. ಡಬ್ಬಿ ಮೇಲಿನ ಹಸಿರು ವಿಷವೇ, ಉಳಿದವಕ್ಕಿಂತ ಕಡಿಮೆ ಅಷ್ಟೇ. ಕೈಗವಸು, ಮಾಸ್ಕ್ ಅದಕ್ಕೂ ಬೇಕು. ಹಾಗೇ ಮಾತ್ರೆ ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು. ಇದೆಲ್ಲ ಸುಮ್ನೆ ನೋಡಿದರೆ ಗೊತ್ತಾಗಲ್ಲ, ಯಾರಾದರೂ ಹೇಳಿಕೊಡಬೇಕು, ಅಲ್ವಾ?

ಗ್ರಾಫಿನಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ನಮ್ಮ ಮಾರಿಕಣಿವೆ ಜಲಾಶಯ ತುಂಬಿದರೆ 130 ಅಡಿ. ಒಂದು ವರ್ಷ 125 ಅಡಿ, ಇನ್ನೊಂದು ವರ್ಷ 130 ಅಡಿ ನೀರಿತ್ತು ಅಂತ ಇಟ್ಟುಕೊಳ್ಳಿ. ಮಗ ಎರಡು ಕಂಬ ಎಳೆಯಲಿ. ಪಕ್ಕದ ಅಳತೆ ಸೊನ್ನೆಯಿಂದ ಶುರುವಾದರೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. 120ರಿಂದ ಶುರುವಾದರೆ ಎರಡನೆಯದು ಮೊದಲನೆಯದರ ಎರಡು ಪಟ್ಟು ಕಾಣುತ್ತದೆ! ಅಂಕಿಗಳು ಎರಡರಲ್ಲೂ ಅವೇ. (ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ, ಹಾಗಾಗಿ ಆ ಐದು ಅಡಿಯಲ್ಲಿ ನೀರು ಜಾಸ್ತಿಯೇ ಹಿಡಿಯುತ್ತದೆ. ಅದನ್ನು ಎರಡು ಗ್ರಾಫೂ ಹೇಳುವುದಿಲ್ಲ.) ಎರಡನ್ನೂ ಅವನೇ ಕೈಯಾರೆ ಬರೆಯಬೇಕು, ಆಗ ಮರೆಯಲ್ಲ.

ನಕ್ಷೆಗೂ ಹೀಗೇ. ಮೊದಲು ದಿಕ್ಕು, ಅಳತೆ, ಗುರುತುಗಳ ಪಟ್ಟಿ ನೋಡಲಿ.

ಇನ್ನು ಮೊಬೈಲ್. ಬೆರಳಲ್ಲಿ ತಳ್ಳುತ್ತಾ ಹೋದರೆ ಯಾವ ಚಿತ್ರದ ಮೇಲೂ ಕಣ್ಣು ನಿಲ್ಲುವುದಿಲ್ಲ. ‘ನಮ್ಮ ಜಿಲ್ಲೆಯ ಪ್ರವಾಹ’ ಅಂತ ವಾಟ್ಸಾಪಿಗೆ ಫೋಟೊ ಬಂದರೆ, ಅಂಗಡಿ ಬೋರ್ಡಿನ ಭಾಷೆ, ಗಾಡಿಗಳ ನಂಬರ್ ನೋಡು ಅನ್ನಿ. ಚಿತ್ರದುರ್ಗದ್ದು ಕೆಎ 16, ದಾವಣಗೆರೆಯದು ಕೆಎ 17. ಇರುವುದೆಲ್ಲ ಬೇರೆ ರಾಜ್ಯದ ನಂಬರಾದರೆ ಅನುಮಾನ ಬರಲೇಬೇಕು. ಗೂಗಲ್ ಲೆನ್ಸಿಗೆ ಹಾಕಿದರೆ ಆ ಫೋಟೊ ಮೊದಲು ಎಲ್ಲಿ ಬಂದಿತ್ತು ಅಂತ ಎಷ್ಟೋ ಸಲ ಸಿಗುತ್ತದೆ.

ಏಳನೇ ಕ್ಲಾಸು ಅಂತ ಹಿಂಜರಿಯಬೇಡಿ. ಗೊನೆ ನೋಡಿ ಕೊಯ್ಲಿನ ಹದ, ಸೋಗೆಯ ಬಣ್ಣ ನೋಡಿ ಮರದ ಆರೋಗ್ಯ ಹೇಳುವವರು ನೀವು. ಅವನನ್ನೂ ತೋಟಕ್ಕೆ ಕರೆದುಕೊಂಡು ಹೋಗಿ ಅದನ್ನೇ ತೋರಿಸಿ. ಪುಸ್ತಕಕ್ಕೆ ಬಂದರೆ ದಿನಕ್ಕೊಂದು ಚಿತ್ರ ಸಾಕು. ಪಾಠ ಓದುವ ಮುಂಚೆಯೇ, ಚಿತ್ರದ ಕೆಳಗಿನ ಸಾಲನ್ನು ಕೈಯಲ್ಲಿ ಮುಚ್ಚಿ, ‘ಏನು ಕಾಣ್ತಿದೆ? ಯಾವುದನ್ನು ನೋಡಿ ಹಾಗಂದೆ?’ ಅಂತ ಕೇಳಿ. ಅವನು ಹೇಳಿ ಮುಗಿಸಿದ ಮೇಲೆ ಕೈ ತೆಗೆಯಿರಿ.