ಅಭಿನಂದನಾ ಗ್ರಂಥಕ್ಕೆ ಹಿರಿಯ ಶಾಸಕರೊಬ್ಬರ ಚುನಾವಣಾ ಇತಿಹಾಸ ಬರೆಯಬೇಕಿದೆ. ನಡುವೆ ಒಂದು ಸೋಲೂ ಇದೆ. ಹೇಗೆ ಬರೆಯಲಿ?

ಎಪ್ಪತ್ತೈದರ ಹುಟ್ಟುಹಬ್ಬ, ಅಭಿನಂದನಾ ಸಮಿತಿ, ಆರು ಸಲ ಗೆದ್ದ ಶಾಸಕರು, ನಡುವೆ ಒಂದೇ ಒಂದು ಸೋಲು, "ಅದನ್ನ ಹಾಗೇ ದಾಟಿಸಿಬಿಡಿ ಸಾರ್" ಅನ್ನುವ ಹಿಂಬಾಲಕರು. ನಿಮ್ಮ ಪ್ರಶ್ನೆ ಓದಿದರೆ ನನ್ನ ಹಳೇ ಡೈರಿಯನ್ನು ಬೇರೆ ಯಾರೋ ಓದಿ ಹೇಳುತ್ತಿದ್ದಾರೇನೋ ಅನ್ನಿಸಿತು. ಗೆಲುವುಗಳನ್ನು ಇಸವಿವಾರು ಜೋಡಿಸಲೋ, ನಿಭಾಯಿಸಿದ ಖಾತೆವಾರು ಜೋಡಿಸಲೋ ಎಂದು ಕೇಳಿದ್ದೀರಿ. ಅದು ಹಾಗಿರಲಿ, ಮೊದಲು ನಾನು ಮಾಡಿಕೊಂಡ ಎಡವಟ್ಟು ಕೇಳಿ.

ನಾನಾಗ ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಜತೆಗೆ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಇಂಥದ್ದೇ ಒಂದು ಅಭಿನಂದನಾ ಗ್ರಂಥ ಬರೆಯುವ ಕೆಲಸ ನನಗೆ ಬಂತು. ಶಾಸಕರ ಹೆಸರೂ ಹೇಳಲ್ಲ, ಸೋತ ಇಸವಿಯೂ ಹೇಳಲ್ಲ. ಇಸವಿ ಹೇಳಿದರೆ ಹೆಸರು ತಾನಾಗಿ ಹೊರಬೀಳುತ್ತೆ. ಯಜಮಾನರು ಅನ್ನೋಣ, ನಮ್ಮೂರಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಮೂರು ಸಂಜೆ ಅವರ ತೋಟದ ಮನೆಯಲ್ಲಿ ಕೂತು ಕೇಳಿ ಬರೆದುಕೊಂಡೆ. ಮೊದಲೆರಡು ಸಂಜೆ ದಂಡ. ಕೆರೆ ಹೂಳೆತ್ತಿಸಿದ್ದು, ಹಾಸ್ಟೆಲ್ ಕಟ್ಟಿಸಿದ್ದು, ಯಾವ ಮುಖ್ಯಮಂತ್ರಿ ಬೆನ್ನು ತಟ್ಟಿದ್ದು. ವೇದಿಕೆ ಮೇಲೆ ನೂರು ಸಲ ಹೇಳಿ ನುಣುಪಾದ ಮಾತುಗಳು. ಮೂರನೇ ಸಂಜೆ ಅಡಿಕೆ ಸುಲಿಯುತ್ತ, ನಾನು ಕೇಳದೆಯೇ, ಸೋತ ದಿನದ ವಿಷಯ ಎತ್ತಿದರು.

ಮತಪತ್ರಗಳ ಕಾಲ. ಎಣಿಕೆ ರಾತ್ರಿಯೆಲ್ಲ ನಡೆಯಿತು. ಐನೂರೂ ದಾಟದ ಅಂತರ, ಮರುಎಣಿಕೆ ಕೇಳಿದರು, ಏನೂ ಬದಲಾಗಲಿಲ್ಲ. ಬೆಳಗಿನ ಜಾವ ಹೊರಗೆ ಬಂದರೆ ಹಿಂದಿನ ದಿನ ಸಾಲಾಗಿ ನಿಂತಿದ್ದ ಜೀಪುಗಳಲ್ಲಿ ಒಂದೂ ಇಲ್ಲ. ಯಾರದೋ ಸ್ಕೂಟರಿನ ಹಿಂದೆ ಕೂತು ಮನೆ ಸೇರಿದರು. ಬೆಳಿಗ್ಗೆ ಎಂಟಕ್ಕೆ ಅಂಗಳ ಖಾಲಿ. ಆಗ ದೂರದ ಹಳ್ಳಿಯಿಂದ ಒಬ್ಬಳು ಮುದುಕಿ ಬಂದಳು, ವಿಧವಾ ವೇತನದ ಅರ್ಜಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಫಲಿತಾಂಶ ಅವಳ ಕಿವಿಗೆ ಬಿದ್ದಿರಲಿಲ್ಲ. ಇವರೂ ಹೇಳಲಿಲ್ಲ. ಅಂಗಿ ಹಾಕಿಕೊಂಡು ಅವಳ ಜತೆ ಬಸ್ ಹತ್ತಿ ತಾಲ್ಲೂಕು ಕಚೇರಿಗೆ ಹೋಗಿ ಸಾಲಲ್ಲಿ ನಿಂತರು. ಇವರನ್ನು ಕಂಡ ಕೂಡಲೇ ಗುಮಾಸ್ತ ರೂಢಿಯಂತೆ ಎದ್ದು ನಿಂತನಂತೆ. ಆಮೇಲೆ ಆಚೀಚೆ ನೋಡಿ, ಮೆಲ್ಲಗೆ ಮತ್ತೆ ಕೂತನಂತೆ.

"ಅವ್ನು ಕೂತಾಗ ಕುರ್ಚಿ ಕಿರ್ ಅಂತು ನೋಡಿ ಮೇಷ್ಟ್ರೇ, ಅವತ್ತು ಗೊತ್ತಾಯ್ತು ನಾನು ಸೋತಿದೀನಿ ಅಂತ."

ಆಮೇಲಿನ ಐದು ವರ್ಷ ಅವರು ಬಸ್ಸಿನಲ್ಲೇ ಓಡಾಡಿದರು. ಆ ಬಸ್ಸುಗಳಲ್ಲಿ ಸಿಕ್ಕ ಪರಿಚಯಗಳೇ ಮುಂದಿನ ಮೂರು ಗೆಲುವಿಗೆ ಬುನಾದಿ. ಇದನ್ನೆಲ್ಲ ನಾನು ಒಂದೇ ರಾತ್ರಿಯಲ್ಲಿ ಬರೆದೆ, ಹನ್ನೊಂದು ಪುಟ. ಅಷ್ಟು ಚೆನ್ನಾಗಿ ಹಿಂದೆ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ.

ಸಮಿತಿಯ ಕಾರ್ಯದರ್ಶಿ ಒಬ್ಬ ಕಂಟ್ರಾಕ್ಟರ್. ಕರಡು ತಿದ್ದುವ ಹೊತ್ತಿಗೆ ನೇರ ಪ್ರೆಸ್ಸಿಗೇ ಬಂದ. "ಸನ್ಮಾನಕ್ಕೆ ಕರೆದು ಹಳೇ ಗಾಯ ಕೆರೆಯೋದಾ ಮೇಷ್ಟ್ರೇ? ತೆಗೀರಿ." ತೆಗೆದೆ. ಹೇಡಿತನ ನಿಜ, ಆದರೆ ನಾನು ಹೇಳಹೊರಟ ತಪ್ಪು ಅದಲ್ಲ. ಅದರ ನಂತರದ್ದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಿಂಬದಿ ರಕ್ಷಾಪುಟದಲ್ಲಿ ಒಂದು ವಾಕ್ಯ ಇತ್ತು: "ಮೂರು ಬಾರಿ ಗೆದ್ದು, ಒಮ್ಮೆ ಸೋತು, ಮತ್ತೆ ಮೂರು ಬಾರಿ ಗೆದ್ದ ಜನನಾಯಕ." ಸೋಲಿನ ಅಧ್ಯಾಯವೇ ಹೋದ ಮೇಲೆ "ಒಮ್ಮೆ ಸೋತು" ಎನ್ನುವುದನ್ನೂ ಹೊಡೆದೆ. ಉಳಿದದ್ದು "ಮೂರು ಬಾರಿ ಗೆದ್ದು, ಮತ್ತೆ ಮೂರು ಬಾರಿ ಗೆದ್ದ". ಕನ್ನಡ ಮೇಷ್ಟ್ರ ಕಿವಿಗೆ ಒರಟಾಗಿ ಕೇಳಿಸಿತು. "ಆರು ಬಾರಿ ಗೆದ್ದ" ಎಂದು ತಿದ್ದಿದೆ. ಇಲ್ಲಿಗೆ ಕೈ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ, ಯಾಕೆಂದರೆ ಆರು ಬಾರಿ ಗೆದ್ದದ್ದು ನಿಜ. ಆದರೆ ಡಿಟಿಪಿ ಹುಡುಗ "ಸಾರ್, ಈ ಸಾಲು ಚಿಕ್ಕದಾಯ್ತು, ಮಧ್ಯೆ ಗ್ಯಾಪ್ ಬೀಳ್ತಿದೆ" ಅಂದ. ರಾತ್ರಿ ಎರಡು ಗಂಟೆ, ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ನಾನು ಒಂದು ಪದ ಹೇಳಿದೆ, ಅವನು ಟೈಪ್ ಮಾಡಿದ. ಸಾಲು ಸರಿಯಾಗಿ ಕೂತಿತು.

"ಸತತ."

ಮೂರಕ್ಷರ. ಅದನ್ನು ಸೇರಿಸಿ ಎಂದು ಯಾರೂ ಹೇಳಿರಲಿಲ್ಲ, ಕಾರ್ಯದರ್ಶಿಯೂ ಹೇಳಿರಲಿಲ್ಲ. ಅವನು ಕೇಳಿದ್ದು ಬರೀ ತೆಗೆಯಿರಿ ಅಂತ. ತೆಗೆದ ಜಾಗದಲ್ಲಿ ಸುಳ್ಳು ತುಂಬಿದವನು ನಾನು. ಬಿಟ್ಟದ್ದನ್ನು ಮರೆವು ಎನ್ನಬಹುದಿತ್ತು. ಸೇರಿಸಿದ್ದಕ್ಕೆ ಏನು ಹೇಳಲಿ?

ಬಿಡುಗಡೆಯ ದಿನ ಅತಿಥಿಯಾಗಿ ಬಂದ ಮಂತ್ರಿಗಳು ಪುಸ್ತಕ ತಿರುಗಿಸಿ ಅದನ್ನೇ ಓದಿದರು, ಮೈಕಿನಲ್ಲಿ, ಎರಡು ಸಲ. ಮೊದಲ ಸಾಲಿನಲ್ಲಿ ಯಜಮಾನರನ್ನು ಸೋಲಿಸಿದ್ದವರೇ ಕೂತಿದ್ದರು. ಯಜಮಾನರು ಖುದ್ದಾಗಿ ಹೋಗಿ ಅವರಿಗೆ ಆಹ್ವಾನ ಕೊಟ್ಟು ಬಂದಿದ್ದರು, ಹಳೇ ಕಾಲದ ದೊಡ್ಡತನ. ಆ ಎದುರಾಳಿ ಪಕ್ಕದವರ ತೊಡೆ ತಟ್ಟಿ ನಕ್ಕರು. ಹಿಂದಿನಿಂದ ಒಂದು ದನಿ: "ಹಂಗಾದ್ರೆ ನಮ್ಮಣ್ಣ ಗೆದ್ದಿದ್ದು ಸಂಘದ ಎಲೆಕ್ಷನ್ನಾ?" ಇಡೀ ಶಾಮಿಯಾನ ನಕ್ಕಿತು.

ರಾತ್ರಿ ಯಜಮಾನರ ಫೋನು ಬಂತು. ಬೈತಾರೆ ಅಂದುಕೊಂಡಿದ್ದೆ. "ಆ ಐದು ವರ್ಷ ನಾನೆಲ್ಲಿಗೋಗಿದ್ದೆ ಮೇಷ್ಟ್ರೇ?" ಅಂದರು, ಅಷ್ಟೇ, ಇಟ್ಟರು. ಮತ್ತೆ ತೋಟದ ಮನೆಗೆ ನನ್ನನ್ನು ಕರೆಯಲಿಲ್ಲ. ಸಾವಿರ ಪ್ರತಿ ಗೋದಾಮು ಸೇರಿತು. ಬರಬೇಕಿದ್ದ ಎರಡನೇ ಕಂತಿನ ಹಣ ಬರಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಊರಲ್ಲಿ "ಸತತ ಮೇಷ್ಟ್ರು" ಎಂಬ ಹೆಸರು ಬಿತ್ತು. ನಿವೃತ್ತನಾದರೂ ಅದು ಹೋಗಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಇಸವಿವಾರೂ ಬೇಡ, ಖಾತೆವಾರೂ ಬೇಡ. ಸೋಲನ್ನು ಹೇಗೆ ದಾಟಿಸುವುದು ಎಂಬ ಯೋಚನೆಯೇ ತಪ್ಪು. ಅಲ್ಲಿಂದಲೇ ಶುರು ಮಾಡಿ.

ನಮ್ಮ ರಾಜ್ಯದಲ್ಲಿ ದೀರ್ಘಕಾಲ ಸದನದಲ್ಲಿದ್ದವರನ್ನೇ ನೋಡಿ. ಸಿದ್ದರಾಮಯ್ಯನವರು 1983ರಲ್ಲಿ ಚಾಮುಂಡೇಶ್ವರಿಯಿಂದ ಮೊದಲ ಸಲ ಗೆದ್ದರು, 1989ರಲ್ಲಿ ಸೋತರು, 1991ರಲ್ಲಿ ಕೊಪ್ಪಳ ಲೋಕಸಭೆಗೆ ನಿಂತು ಸೋತರು, 1999ರಲ್ಲಿ ಮತ್ತೆ ಸೋತರು. ಇವನ್ನು ಬಿಟ್ಟು ಬರೆದರೆ 2006ರ ಉಪಚುನಾವಣೆಯಲ್ಲಿ ಬರೀ 257 ಮತಗಳಿಂದ ಗೆದ್ದದ್ದರ ಎದೆಬಡಿತ ಓದುಗನಿಗೆ ಹೇಗೆ ಕೇಳಿಸೀತು? 2018ರಲ್ಲಂತೂ ಒಂದೇ ದಿನ ಅದೇ ಚಾಮುಂಡೇಶ್ವರಿಯಲ್ಲಿ 36,042 ಮತಗಳಿಂದ ಸೋಲು, ಬಾದಾಮಿಯಲ್ಲಿ 1,696ರಿಂದ ಗೆಲುವು. ಶ್ರೀನಿವಾಸಪುರದಲ್ಲಿ ರಮೇಶ್ ಕುಮಾರ್, ವೆಂಕಟಶಿವಾರೆಡ್ಡಿ ದಶಕಗಟ್ಟಲೆ ಒಂದು ಸಲ ಇವರು, ಒಂದು ಸಲ ಅವರು ಎಂಬಂತೆ ಗೆದ್ದರು. 2018ರಲ್ಲಿ ರಮೇಶ್ ಕುಮಾರ್ ಬೆನ್ನುಬೆನ್ನಿಗೆ ಎರಡನೇ ಸಲ ಗೆದ್ದಾಗ ಆ ಸರದಿ ಮುರಿಯಿತು, 2023ರಲ್ಲಿ ರೆಡ್ಡಿಯವರು ಮರಳಿದರು. ಇವರಲ್ಲಿ ಒಬ್ಬರ ಗೆಲುವನ್ನಷ್ಟೇ ಬರೆದರೆ ಅರ್ಧ ಜಗಳ ಬರೆದಂತೆ. ಹಳಿಯಾಳದ ಆರ್.ವಿ. ದೇಶಪಾಂಡೆಯವರು 1983ರಿಂದ ಒಂಬತ್ತು ಸಲ ಗೆದ್ದಿದ್ದಾರೆ. ನನ್ನನ್ನು ಕೇಳಿದರೆ, ಸೋತ 2008ರ ಬಗ್ಗೆಯೇ ಅವರ ಹತ್ತಿರ ಒಂದು ಸಂಜೆ ಕೂರುತ್ತೇನೆ.

"ಸತತ" ಎಂಬ ಪದ ಒಪ್ಪುವವರೂ ಇದ್ದಾರೆ. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಗುರುಮಠಕಲ್‌ನಿಂದ ಎಂಟು ಸಲ, 2008ರಲ್ಲಿ ಚಿತ್ತಾಪುರದಿಂದ ಒಂಬತ್ತನೇ ಸಲ ಗೆದ್ದವರು. 2019ರಲ್ಲಿ ಕಲಬುರಗಿ ಲೋಕಸಭೆಯಲ್ಲಿ ಸೋಲುವವರೆಗೆ ಸೋಲು ಕಂಡಿರಲಿಲ್ಲ. ಅವರು ಚಿತ್ತಾಪುರಕ್ಕೆ ಹೋದದ್ದು ಯಾಕೆಂದು ಬರೆಯದಿದ್ದರೆ ಊರು ಬಿಟ್ಟು ಓಡಿದ ಹಾಗೆ ಕಾಣುತ್ತೆ. 2008ರ ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ ಗುರುಮಠಕಲ್ ಪರಿಶಿಷ್ಟ ಜಾತಿ ಮೀಸಲಿನಿಂದ ಹೊರಬಿತ್ತು, ಚಿತ್ತಾಪುರ ಮೀಸಲಾಯಿತು. ಸಿದ್ದರಾಮಯ್ಯನವರು ಆಮೇಲೆ ಗೆದ್ದ ವರುಣಾ ಕ್ಷೇತ್ರ ಹುಟ್ಟಿದ್ದೂ ಅದೇ ಪುನರ್‌ವಿಂಗಡಣೆಯಲ್ಲಿ. ನಿಮ್ಮ ಶಾಸಕರ 2004ರ ಅಂತರವನ್ನೂ 2008ರ ಅಂತರವನ್ನೂ ಪಕ್ಕಪಕ್ಕ ಇಟ್ಟು "ಜನಪ್ರಿಯತೆ ಕುಸಿಯಿತು" ಎಂದು ಬರೆಯುವ ಮುಂಚೆ, ಯಾವ ಹೋಬಳಿ ಹೋಯಿತು, ಯಾವುದು ಬಂತು ನೋಡಿಕೊಳ್ಳಿ. ಹೆಸರು ಅದೇ ಇದ್ದರೂ ಕ್ಷೇತ್ರ ಅದೇ ಅಲ್ಲ.

ಲೆಕ್ಕ ಮಾಡುವಾಗ ಹಿಂಬಾಲಕರ ಬಾಯಿಮಾತು ನಂಬಬೇಡಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರತಿ ಸಾರ್ವತ್ರಿಕ ಚುನಾವಣೆಯ ಅಂಕಿಅಂಶ ವರದಿ ಇದೆ. ಆದರೆ ಉಪಚುನಾವಣೆ ಅದರಲ್ಲಿ ಇರಲ್ಲ, ಬೇರೆ ಹುಡುಕಬೇಕು. ಹುಕ್ಕೇರಿಯ ಉಮೇಶ ಕತ್ತಿಯವರ ಎಂಟು ಗೆಲುವಿನಲ್ಲಿ ಎರಡು ಉಪಚುನಾವಣೆಯವು. ಮೊದಲನೆಯದು ಶಾಸಕರಾಗಿದ್ದ ತಂದೆ ತೀರಿಕೊಂಡಾಗ, ಇನ್ನೊಂದು 2008ರಲ್ಲಿ: ಮೇನ ಸಾರ್ವತ್ರಿಕ ಚುನಾವಣೆಯಲ್ಲಿ ಜೆಡಿಎಸ್‌ನಿಂದ, ಪಕ್ಷ ಬದಲಿಸಿ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ. ಸಾರ್ವತ್ರಿಕ ವರದಿ ಮಾತ್ರ ನೋಡಿದವನಿಗೆ ಆರೇ ಸಿಗುತ್ತವೆ. ಇನ್ನು "ಮೂರು ಸಲ ಗೆದ್ದರು, ಹಾಗಾಗಿ ಹದಿನೈದು ವರ್ಷ" ಅನ್ನುವ ಗುಣಾಕಾರ ಬೇಡವೇ ಬೇಡ. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷ ಮುಗ್ಗರಿಸಿತೆಂದು ರಾಮಕೃಷ್ಣ ಹೆಗಡೆಯವರು ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಹೋದರಲ್ಲ, ಹಾಗಾಗಿ 1983ರಲ್ಲಿ ಗೆದ್ದವರಿಗೆ ಸಿಕ್ಕಿದ್ದು ಎರಡೇ ವರ್ಷ. 1983, 85, 89 ಮೂರನ್ನೂ ಗೆದ್ದವರಿಗೂ 1994ರ ಚುನಾವಣೆ ಬರುವಾಗ ಹನ್ನೆರಡು ವರ್ಷ ತುಂಬಿರಲಿಲ್ಲ.

ಅವರು ಸದನದಲ್ಲಿ ಏನು ಕೇಳಿದರು ಎಂಬುದಕ್ಕೆ ನಡವಳಿಗಳನ್ನು ನೋಡಿ. ಚುಕ್ಕೆ ಗುರುತಿನ ಪ್ರಶ್ನೆಗಳಲ್ಲಿ, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆಗಳಲ್ಲಿ, ಶಾಸಕನ ನಿಜವಾದ ಚಿಂತೆ ಗೊತ್ತಾಗುತ್ತೆ. ಖಾತೆಗಳ ಪಟ್ಟಿ ಯಾರಾದರೂ ಕೊಟ್ಟಾರು.

ಸೋಲಿಸಿದವರು ಬದುಕಿದ್ದರೆ ಅವರನ್ನೂ ಹೋಗಿ ಮಾತಾಡಿಸಿ, ನಿಮ್ಮ ಸಮಿತಿಗೆ ಹೇಳದೆ. ನಮ್ಮ ಯಜಮಾನರ ಎದುರಾಳಿ ಆಮೇಲೊಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಮೇಷ್ಟ್ರೇ, ನಾನು ಗೆದ್ದ ರಾತ್ರಿ ನನಗೂ ನಿದ್ದೆ ಇರಲಿಲ್ಲ, ಅದನ್ನಾದರೂ ಬರೀಬಹುದಿತ್ತು" ಅಂದರು. ನಿಮ್ಮ ಸಮಿತಿ ಸೋಲು ಬೇಡವೇ ಬೇಡ ಅಂತ ಹಟ ಹಿಡಿದರೆ ಮುಂಗಡ ವಾಪಸ್ ಕೊಟ್ಟುಬಿಡಿ. ಮಧ್ಯದ ದಾರಿ ಹುಡುಕಬೇಡಿ, ನಾನು ಹುಡುಕಿದ್ದು ಅದನ್ನೇ.

ಆ ಹನ್ನೊಂದು ಪುಟದ ಕರಡು ಇನ್ನೂ ನನ್ನ ಟ್ರಂಕಿನಲ್ಲಿದೆ. ಮಾದರಿಗೆ ಬೇಕಿದ್ದರೆ ತಿಳಿಸಿ, ಊರು ಹೆಸರು ಹೊಡೆದು ಹಾಕಿ ಕಳಿಸುತ್ತೇನೆ.