ಶುಗರ್ ಇರುವ ಅಪ್ಪನಿಗೆ ಗುಡ್ಡ ಹತ್ತುವಾಗಲೂ ಎದೆಬಡಿತ ಏರುವುದಿಲ್ಲ, ಹೃದಯ ಗಟ್ಟಿ ಇದೆ ಅಂತ ಅರ್ಥವೇ?

ಅಪ್ಪನಿಗೆ 56, ಶುಗರ್ ಬಂದು 15 ವರ್ಷ, ಕವಲೇದುರ್ಗ ಹತ್ತುವಾಗ ಏದುಸಿರು ಬಿಡುತ್ತಿದ್ದರೂ ವಾಚಿನಲ್ಲಿ 115 ದಾಟಲಿಲ್ಲ, ಕೊಡಚಾದ್ರಿಗೆ ಕರೆದುಕೊಂಡು ಹೋಗಬಹುದಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮೊದಲು ಹೃದಯದ ಡಾಕ್ಟರಿಗೆ ತೋರಿಸಿ.

ನನಗೂ ಬಹಳ ವರ್ಷದಿಂದ ಶುಗರ್ ಇದೆ, ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಓಡುತ್ತೇನೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೃದಯ ನಿಮಿಷಕ್ಕೆ ಗರಿಷ್ಠ ಎಷ್ಟು ಬಡಿಯಬಹುದು ಅಂತ ತಿಳಿಯಲು 220ರಲ್ಲಿ ವಯಸ್ಸು ಕಳೆದರೆ ನಿಮ್ಮ ತಂದೆಗೆ 164 ಬರುತ್ತದೆ. ಅದು ಅಂದಾಜು ಲೆಕ್ಕ, ನಿಜ. ಆದರೂ ಅಷ್ಟು ಏದುಸಿರಿನಲ್ಲಿ 115ಕ್ಕೇ ನಿಂತಿತು ಅಂದರೆ ಕಾರಣ ಹುಡುಕಲೇಬೇಕು. ಬಿಪಿಗೆ ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ತಗೊಳ್ತಿದ್ದರೆ ಬಡಿತ ಏರದಂತೆ ಆ ಮಾತ್ರೆಯೇ ಹಿಡಿದಿರಬಹುದು (ಹಾಗಂತ ನೀವಾಗಿ ನಿಲ್ಲಿಸಬೇಡಿ). ಮಾತ್ರೆ ಇಲ್ಲದಿದ್ದರೆ ನರಗಳ ಕಡೆ ನೋಡಬೇಕು. ವರ್ಷಗಟ್ಟಲೆ ಹೆಚ್ಚಿದ ಸಕ್ಕರೆ ಪಾದದ ನರಗಳನ್ನು ಕೆಡಿಸುವ ಹಾಗೆಯೇ ಹೃದಯದ ನರಗಳನ್ನೂ ಕೆಡಿಸುತ್ತದೆ. ಸಾಮಾನ್ಯವಾಗಿ ಮೊದಲು ಸೋಲುವುದು ಬಡಿತ ಇಳಿಸುವ ವೇಗಸ್ ನರ, ಆಗ ಸುಮ್ಮನೆ ಕೂತಾಗಲೂ ಬಡಿತ ಜಾಸ್ತಿ. ಆಮೇಲೆ ಏರಿಸುವ ನರಗಳೂ ಸೋತರೆ, ಏರು ಹತ್ತುವಾಗ ಬೇಕಾದಷ್ಟು ಏರುವುದಿಲ್ಲ.

ಎಷ್ಟು ಏರಿತು ಅನ್ನುವುದಕ್ಕಿಂತ ನಿಂತ ಮೇಲೆ ಎಷ್ಟು ಬೇಗ ಇಳಿಯಿತು ಅನ್ನುವುದನ್ನು ನಾನು ಹೆಚ್ಚು ಗಮನಿಸುತ್ತೇನೆ. ನನಗೆ ಟಿಎಂಟಿ (ಓಡುವ ಬೆಲ್ಟಿನ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಮಾಡಿದಾಗ ಬೆಲ್ಟ್ ನಿಧಾನವಾದ ಮೇಲೂ ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ, ಇಳಿಯುತ್ತಿದ್ದ ಅಂಕಿಯನ್ನೇ ನೋಡುತ್ತಿದ್ದರು. ಮೊದಲ ಒಂದು ನಿಮಿಷದಲ್ಲಿ 12ಕ್ಕಿಂತ ಹೆಚ್ಚು ಇಳಿಯದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ವಾಚು ಬೆವರಿದ ಕೈಯಲ್ಲಿ ತಪ್ಪು ತೋರಿಸುವುದುಂಟು. ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಕಡೆ, ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಬೆಳಿಗ್ಗೆ ಏಳುವ ಮೊದಲೂ ಹೀಗೇ ನೋಡಿ ಬರೆದಿಡಿ. ಅದು 100ರ ಹತ್ತಿರ ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ನನಗೆ ನಿಜವಾಗಿ ಭಯವಾಗುವುದು ಬೇರೆ ವಿಷಯಕ್ಕೆ. ಇದೇ ನರಗಳು ಎದೆನೋವನ್ನೂ ತಿಳಿಸಬೇಕು. ಅವು ಮಂದವಾಗಿದ್ದರೆ ಹೃದಯಕ್ಕೆ ರಕ್ತ ಸಾಲದಿದ್ದರೂ ನೋವೇ ಬಾರದೆ ಬರೀ ಏದುಸಿರು, ಬೆವರು, ಸುಸ್ತು ಕಾಣಿಸಬಹುದು. ನಮ್ಮ ಕಡೆ ಅದನ್ನು ಗ್ಯಾಸ್ ಅಂದುಕೊಂಡು ಜೀರಿಗೆ ಕಷಾಯ ಕುಡಿಸಿ ಮಲಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಡಾಕ್ಟರು ಒಪ್ಪಿದ ಮೇಲೂ ನಿಮ್ಮ ತಂದೆ ವಾಚಿನ ಅಂಕಿ ನಂಬಿ ಹತ್ತುವುದು ಬೇಡ, ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು. ಜೋರಾಗಿ ಹತ್ತಿದಾಗ ಅಡ್ರಿನಲಿನ್‌ನಿಂದ ಶುಗರ್ ಆ ಹೊತ್ತಿಗೆ ಏರಲೂಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಇದ್ದರೆ ಅದೇ ರಾತ್ರಿ ಕುಸಿಯುವ ಅಪಾಯವಿದೆ, ಮಲಗುವ ಮುಂಚೆ ಒಮ್ಮೆ ಪರೀಕ್ಷಿಸಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ.

ಕೊಡಚಾದ್ರಿ 1343 ಮೀಟರ್. ಜೀಪಿನಲ್ಲಿ ಹೋದರೂ ಸರ್ವಜ್ಞ ಪೀಠಕ್ಕೆ ಕೊನೆಯ ಏರು ನಡೆದೇ ಹತ್ತಬೇಕು. ಪರೀಕ್ಷೆ ಆಗುವವರೆಗೆ ತುಂಗೆಯ ದಂಡೆಯ ಸಮತಟ್ಟು ದಾರಿಯಲ್ಲಿ ನಿಧಾನವಾಗಿ ನಡೆಯಬಹುದಾ ಅಂತ ಡಾಕ್ಟರನ್ನೇ ಕೇಳಿ. ಯಾವ ಮಾತ್ರೆ ತಗೊಳ್ತಾರೆ ಅಂತ ನೀವು ಬರೆದಿಲ್ಲ, ಹೋಗುವಾಗ ಆ ಚೀಟಿ ಮರೆಯಬೇಡಿ.